ಜೋನಿಬೆಲ್ಲಕ್ಕೆ ಬೋರ್ಡಿಂಗ್ ಪಾಸ್ ಇಲ್ಲ

ದೊಡ್ಡ ಏರ್‌ಪೋರ್ಟಲ್ಲಿ ನಮ್ಮನ್ನ ನೋಡೋಕೆ ಯಾರಿಗೂ ಪುರುಸೊತ್ತಿರಲ್ಲ. ಆದ್ರೆ ಈ ಉಡಾನ್ ಯೋಜನೆ ಬಂದ್ಮೇಲೆ ಶುರುವಾದ ಸಣ್ಣ ಏರ್‌ಪೋರ್ಟುಗಳಿವೆಯಲ್ಲ, ಅಲ್ಲಿ ದಿನಕ್ಕೆ ಬರೋದೇ ಬೆರಳೆಣಿಕೆ ವಿಮಾನ, ಅದೂ ರೆಕ್ಕೆಗೆ ಫ್ಯಾನ್ ಇರೋ ಎಟಿಆರು, ಹಂಗಾಗಿ ಸಿಬ್ಬಂದಿ ಇಡೀ ದಿನ ಕೂಡಿಟ್ಟ ಶಿಸ್ತೆಲ್ಲ ಸಿಕ್ಕ ನಾಲ್ಕು ಜನರ ತಲೆ ಮೇಲೇ ಬೀಳತ್ತೆ.

ಮಲೆನಾಡಿಂದ ವಾಪಸ್ ಹೊರಟಿದ್ದೆ. ಚಿಕ್ಕಪ್ಪ ಕಾರು ನಿಲ್ಸಿದ್ದೇ ತಡ ವಿಷಲ್ಲು. ಕಣ್ಣು ಹಾಯಿಸಿದಷ್ಟು ದೂರ ಇನ್ನೊಂದು ಗಾಡಿ ಇಲ್ಲ, ನೋ ಪಾರ್ಕಿಂಗ್ ಬೋರ್ಡಿನ ಬುಡದಲ್ಲಿ ದನ ಮಲ್ಗಿದೆ, ಅದಕ್ಕೇನೂ ಅನ್ನಲ್ಲ, ಚಿಕ್ಕಪ್ಪಂಗೆ ಮಾತ್ರ "ತೆಗೀರಿ ತೆಗೀರಿ, ಹಿಂದೆ ಜಾಮಾಗತ್ತೆ".

ಒಳಗೆ ಸೆಕ್ಯುರಿಟೀಲಿ ಚಿಕ್ಕಮ್ಮ ಕೊನೇ ಗಳಿಗೇಲಿ ತುರುಕಿದ ಹಾರ್ಲಿಕ್ಸ್ ಬಾಟ್ಲಿ ಸಿಕ್ತು.

"ಏನಿದು?"

"ಜೋನಿಬೆಲ್ಲ ಸರ್, ಜೇನಿನ ಥರದ ಬೆಲ್ಲ."

"100 ಎಂಎಲ್ ಮೇಲೆ ಲಿಕ್ವಿಡ್ ಬಿಡಲ್ಲ."

ಲಿಕ್ವಿಡ್ಡಾ ಅಲ್ವಾ ಅಂತ ಮೂವರು ಸೇರಿ ಬಾಟ್ಲಿ ಓರೆ ಮಾಡಿ ನೋಡಿದ್ರು. ಚಳಿಗೆ ಗಟ್ಟಿಯಾಗಿದ್ದ ಬೆಲ್ಲ ಸುಮಾರು ಹೊತ್ತು ಯೋಚನೆ ಮಾಡಿ ಒಂದು ಬೆರಳಷ್ಟು ಜಾರ್ತು. ಮುಗೀತು, ಲಿಕ್ವಿಡ್ಡೇ. 2006ರಲ್ಲಿ ಲಂಡನ್ನಲ್ಲಿ ಯಾರೋ ಜ್ಯೂಸ್ ಬಾಟ್ಲೀಲಿ ಬಾಂಬ್ ತಗೊಂಡು ವಿಮಾನ ಹತ್ತೋಕೆ ಸಂಚು ಮಾಡಿ ಸಿಕ್ಕಿಬಿದ್ರಲ್ಲ, ಅದಕ್ಕೆ ಇಲ್ಲಿ ನಮ್ಮ ಚಿಕ್ಕಮ್ಮ ಅನುಭವಿಸ್ಬೇಕು. ಇರುಮುಡಿ ತೆಂಗಿನಕಾಯಿಗಾದ್ರೆ 2024ರಲ್ಲಿ ಸೀಸನ್ ಮುಗಿಯೋವರೆಗೆ ವಿನಾಯಿತಿ ಕೊಟ್ಟಿದ್ರು, ಅದ್ರ ಹಿಂದೆ ಅಯ್ಯಪ್ಪ ಇದಾನೆ, ಜೋನಿಬೆಲ್ಲದ ಹಿಂದೆ ಯಾರಿದಾರೆ?

ಸರಿ, ಚೆಕ್-ಇನ್ ಬ್ಯಾಗಿಗೆ ಹಾಕಣ ಅಂತ ಅಲ್ಲೇ ನಿಂತಿದ್ದ ಕೌಂಟರ್ ಹುಡುಗನ್ನ ಕೇಳ್ದೆ.

"ಕೌಂಟರಲ್ಲಿ ಕೇಳ್ಬೇಕು ಸರ್."

"ಕೌಂಟರಲ್ಲಿ ಕೂತಿದ್ದವ್ರು ನೀವೇ ಅಲ್ವಾ?"

"ಹೌದು ಸರ್, ಆದ್ರೆ ಕೌಂಟರ್ ಕ್ಲೋಸಾಯ್ತು, ಈಗ ನಾನು ಬೋರ್ಡಿಂಗಲ್ಲಿದೀನಿ."

ವಿಮಾನ ಇನ್ನೂ ಹೈದರಾಬಾದ್ ಬಿಟ್ಟಿರ್ಲಿಲ್ಲ, ಅಲ್ಲಿ ಮಂಜಂತೆ. ಹಂಗಂತ ಕೌಂಟರ್ ತೆಗೀತಾರಾ, ಇಲ್ಲ, ಟೈಮ್ ಅಂದ್ರೆ ಟೈಮು, ಅದು ನಮಗೆ ಮಾತ್ರ. ನೀವೇ ಇಟ್ಕೊಳಿ ಅಂದ್ರೆ ಸೆಕ್ಯುರಿಟಿಯವ್ರು "ನಾವು ಪ್ಯಾಸೆಂಜರ್ ವಸ್ತು ಇಟ್ಕೊಳೋ ಹಂಗಿಲ್ಲ, ಕಸದ ಡಬ್ಬಕ್ಕೆ ಹಾಕಿ" ಅಂತಾರೆ. ಚಿಕ್ಕಪ್ಪ ಆಗ್ಲೇ ವಿಷಲ್ಲಿಗೆ ಹೆದರಿ ಅರ್ಧ ದಾರಿ ಹೋಗಿದ್ರು.

ಬ್ಯಾಗಲ್ಲಿ ದಾರಿಗೆ ಅಂತ ಕಟ್ಕೊಟ್ಟ ತೆಳ್ಳೇವು, ಅಂದ್ರೆ ತೆಳು ದೋಸೆ, ಇತ್ತು, ಅದು ಸಾಲಿಡ್ಡು, ಪಾಸಾಗಿತ್ತು. ವಾಪಸ್ ಈಚೆ ಬಂದು ಕುರ್ಚೀಲಿ ಕೂತು ಬಾಟ್ಲಿ ಮುಚ್ಚಳ ತೆಗ್ದೆ, ಹೊಟ್ಟೇಲಿ ಎಷ್ಟು ಎಂಎಲ್ ಒಯ್ಯಬಹುದು ಅಂತ ಯಾರೂ ಎಲ್ಲೂ ಬರ್ದಿಲ್ಲ. ಪಕ್ಕದ ಅಜ್ಜಿಗೊಂದು, ಅವ್ರ ಮೊಮ್ಮಗಂಗೊಂದು ಕೊಟ್ಟೆ. ಆಮೇಲೆ ಆ ಹುಡುಗಾನೂ ಬಂದು ಎರಡು ತಿಂದ. ಆಗ ಯಾವ ಡ್ಯೂಟೀಲಿದ್ನೋ, ಕೇಳ್ಲಿಲ್ಲ.