ಥೀಸಿಸ್ ಪಕ್ಕಕ್ಕಿಡಿ, ಟ್ಯೂಬ್ ಕೈಗೆ ಕೊಡಿ

ಸಂಶೋಧನೆ ಬಿಟ್ಟು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಬೇಕೆನ್ನುವ ಶಿರಸಿ, ಕುಮಟಾ, ಅಂಕೋಲಾ ಕಡೆಯ ಹುಡುಗ-ಹುಡುಗಿಯರು ಮೊದಲು ಡಿಗ್ರಿ ನೋಡಿಕೊಳ್ಳಬೇಕು. ಅಲ್ಲಿ ಎಡವಿದರೆ ಎಷ್ಟು ವರ್ಷ ದುಡಿದರೂ ಲೆಕ್ಕಕ್ಕೆ ಬಾರದು. ಎಂಬಿಬಿಎಸ್ ಓದದವರು ಅಸಿಸ್ಟೆಂಟ್ ಪ್ರೊಫೆಸರ್ ಆಗಲು ರಾಷ್ಟ್ರೀಯ ವೈದ್ಯಕೀಯ ಆಯೋಗ ಮೆಡಿಕಲ್ ಎಂಎಸ್ಸಿ, ಅದೇ ವಿಷಯದ ಪಿಎಚ್‌ಡಿ ಎರಡನ್ನೂ ಕೇಳುತ್ತದೆ. ಮೆಡಿಕಲ್ ಎಂಎಸ್ಸಿ ಅಂದರೆ ಮೆಡಿಕಲ್ ಕಾಲೇಜಿನಲ್ಲೇ ಓದುವ 3 ವರ್ಷದ ಕೋರ್ಸು. ಬೇರೆ ವಿಶ್ವವಿದ್ಯಾಲಯದ 2 ವರ್ಷದ ಬಯೋಕೆಮಿಸ್ಟ್ರಿ ಎಂಎಸ್ಸಿ ಇದಕ್ಕೆ ಸಮ ಅಲ್ಲ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯ ಜೊತೆ 2025ರ ನಿಯಮದಲ್ಲಿ ಮೈಕ್ರೋಬಯಾಲಜಿ, ಫಾರ್ಮಕಾಲಜಿಯ ಬಾಗಿಲೂ ಮತ್ತೆ ತೆರೆದಿದೆ. ಕೆಲಸಕ್ಕೆ ಸೇರಿದ ಮೇಲೆ ವೈದ್ಯಕೀಯ ಶಿಕ್ಷಣದ 3 ದಿನದ ಬೇಸಿಕ್ ಕೋರ್ಸ್ ಇದ್ದೇ ಇರುತ್ತದೆ. ಅದನ್ನು ಸರ್ಟಿಫಿಕೇಟಿಗಾಗಿ ಮಾಡಬೇಡಿ.

ಇನ್ನು ಪಾಠ. ಲ್ಯಾಬಿನಿಂದ ಬಂದವರು ಸಾಮಾನ್ಯವಾಗಿ ತಮ್ಮ ಥೀಸಿಸ್ಸನ್ನೇ ಹೇಳಲು ಶುರು ಮಾಡುತ್ತಾರೆ. ಒಂದೇ ಕಿಣ್ವದ ಮೇಲೆ 60 ಸ್ಲೈಡ್! ಮೊದಲ ವರ್ಷದ ಎಂಬಿಬಿಎಸ್ ಮಕ್ಕಳಿಗೆ ಅದು ಬೇಡ. ನಮ್ಮಲ್ಲಿರುವ ನಿಜವಾದ ಆಸ್ತಿ ಬೇರೆ: ಒಂದು ರಿಪೋರ್ಟಿನ ಅಂಕಿ ಎಲ್ಲಿ, ಯಾಕೆ ತಪ್ಪುತ್ತದೆ ಎಂಬುದು ನಮಗೆ ಕೈಬಳಕೆಯಿಂದ ಗೊತ್ತು.

ಜೋಯಿಡಾದಲ್ಲಿ ತೆಗೆದ ರಕ್ತ ಅಣಶಿ ಘಾಟಿ ಇಳಿದು ಕಾರವಾರದ ಲ್ಯಾಬ್ ಮುಟ್ಟುವಷ್ಟರಲ್ಲಿ 3 ತಾಸು ಕಳೆಯಿತು ಎಂದಿಟ್ಟುಕೊಳ್ಳಿ. ಸಾದಾ ಟ್ಯೂಬಿನಲ್ಲಿ ರಕ್ತಕಣಗಳು ತಾಸಿಗೆ ಶೇ 5ರಿಂದ 7ರಷ್ಟು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಹೊರಡುವಾಗ 210 ಮಿ.ಗ್ರಾಂ. ಇದ್ದ ಸಕ್ಕರೆ ತಲುಪುವಾಗ 175ರ ಆಸುಪಾಸು. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಹಾಕಿದರೆ ಮುಗಿಯಿತಲ್ಲ ಅಂತ ಮಕ್ಕಳು ಹೇಳುತ್ತಾರೆ. ಪಾಠ ಶುರುವಾಗುವುದೇ ಅಲ್ಲಿ. ಫ್ಲೋರೈಡ್ ತಡೆಯುವುದು ಇನೊಲೇಸ್ ಎಂಬ ಕಿಣ್ವವನ್ನು, ಅದು ಗ್ಲೈಕೊಲಿಸಿಸ್‌ನ, ಅಂದರೆ ಕಣ ಗ್ಲೂಕೋಸನ್ನು ಒಡೆಯುವ ಕ್ರಿಯೆಯ, ಕೊನೆಯ ಹಂತಗಳಲ್ಲಿದೆ. ಮೊದಲ ಹಂತದ ಕಿಣ್ವ ಹೆಕ್ಸೊಕೈನೇಸ್ ಇನ್ನೊಂದೆರಡು ತಾಸು ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ, ಸಕ್ಕರೆ ಆಗಲೂ ಇಳಿಯುತ್ತದೆ. ಐಸಿನಲ್ಲಿಟ್ಟರೆ? ಗ್ಲೂಕೋಸ್ ಉಳಿಯಿತು ನಿಜ, ಆದರೆ ಚಳಿಗೆ ಸೋಡಿಯಂ-ಪೊಟ್ಯಾಸಿಯಂ ಪಂಪ್ ನಿಧಾನವಾಗಿ ಕಣದೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಹಾಗಾಗಿ ಪೊಟ್ಯಾಸಿಯಂಗೆ ಕಳಿಸುವ ರಕ್ತವನ್ನು ಐಸಿಗೆ ಹಾಕಬಾರದು, ಊರಲ್ಲೇ ಸೆಂಟ್ರಿಫ್ಯೂಜ್ ಮಾಡಿ ಸೀರಂ (ಕಣವಿಲ್ಲದ ತಿಳಿದ್ರವ) ಬೇರೆ ಮಾಡಿ ಕಳಿಸಬೇಕು. ಹತ್ತು ಹಂತದ ಗ್ಲೈಕೊಲಿಸಿಸ್ಸನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಒಂದು ಟ್ಯೂಬ್ ಹೆಚ್ಚು ಕಲಿಸುತ್ತದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಮಂಗನ ಕಾಯಿಲೆಯೂ ಹಾಗೇ. ಸಿದ್ದಾಪುರದ ಕಾಡಂಚಿನ ರೋಗಿಗೆ ಜ್ವರ ಬಂದ ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಬೇಕು, ಐಜಿಎಂ ಎಂಬ ಪ್ರತಿಕಾಯ ಆಗಿನ್ನೂ ಹುಟ್ಟಿರುವುದಿಲ್ಲ. ಯಾವ ದಿನ ಯಾವ ಪರೀಕ್ಷೆ ಎಂದು ಪಿಸಿಆರ್ ಮಾಡಿ ಕೈ ಪಳಗಿದವರಷ್ಟು ಚೆನ್ನಾಗಿ ಯಾರು ಹೇಳಿಕೊಟ್ಟಾರು?

ಪರೀಕ್ಷೆಯೂ ಇದೇ ದಾರಿ ಹಿಡಿಯಲಿ. ಮೇಜಿನಿಂದ ಮೇಜಿಗೆ ಹೋಗಿ ಉತ್ತರಿಸುವ ಪ್ರಾಯೋಗಿಕ ಪರೀಕ್ಷೆ ಓಎಸ್‌ಪಿಇಯಲ್ಲಿ 5 ನಿಮಿಷದ ಒಂದು ಮೇಜು. ಮೇಲೆ ಮೂರು ಟ್ಯೂಬ್: ಒಂದು ಬೂದು, ಒಂದು ಕೆಂಪು, ಒಂದರಲ್ಲಿ ಕಣ ಒಡೆದು ಕೆಂಪಾದ ಸೀರಂ. ಜೊತೆಗೆ ಪೊಟ್ಯಾಸಿಯಂ 6.8, ಅಂದರೆ ಅಪಾಯದಷ್ಟು ಹೆಚ್ಚು ಎಂಬ ರಿಪೋರ್ಟ್. ಪ್ರಶ್ನೆ ಒಂದೇ ಇರಲಿ: ಪೊಟ್ಯಾಸಿಯಂ ಇಳಿಸಲು ರೋಗಿಗೆ ಇಂಜೆಕ್ಷನ್ ಕೊಡುತ್ತೀರೋ, ಮತ್ತೊಮ್ಮೆ ರಕ್ತ ತೆಗೆಯುತ್ತೀರೋ?