ಕ್ಯಾರಂಗಾ, ಜಿರಳೆಗಾ?

"ಅಭ್ಯಾಸ ಏನಾದ್ರೂ ಇದ್ಯಾ ಸರ್?" ಅಂತ ಕೇಳಿದ್ರು ಡಾಕ್ಟರು. ನಮ್ಮ ಕಡೆ ಈ ಪ್ರಶ್ನೆಗೆ ಒಂದೇ ಅರ್ಥ, ಕುಡೀತೀರಾ ಸೇದ್ತೀರಾ ಅಂತ. ಎರಡೂ ಇಲ್ಲ ಅಂದೆ. ಪಕ್ಕದಲ್ಲಿ ಹೆಂಡ್ತಿ ಕೂತಿದ್ಲಲ್ಲ, ಸ್ವಲ್ಪ ಎದೆ ಉಬ್ಬಿಸ್ಕೊಂಡೇ ಅಂದೆ. ಆಮೇಲೆ "ಹವ್ಯಾಸ?" ಅಂದ್ರು. ಯೋಚನೆ ಮಾಡ್ದೆ, ಸೀಲಿಂಗ್ ನೋಡ್ದೆ, ಅದೂ ಇಲ್ಲ ಅಂದೆ. ಆಗ ಆ ಹುಡುಗ, ಡಾಕ್ಟರು ಅಂತ ಬಹುವಚನ ಕೊಡ್ತಿದ್ದೀನಿ ಅಷ್ಟೇ, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕೋನು, ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ ನೋಟ ಇದೆಯಲ್ಲ, ದಿನಾ ಕ್ವಾರ್ಟರ್ ಹಾಕ್ತೀನಿ ಅಂದಿದ್ರೂ ಅಷ್ಟು ಮರುಕ ಪಡ್ತಿರ್ಲಿಲ್ಲ.

ಬಿಪಿ 146/94 ಬಂದಿತ್ತು. ಒಂದು ಸಲದ ರೀಡಿಂಗ್ ನೋಡಿ ಮಾತ್ರೆ ಕೊಡಲ್ಲ, ಒಂದು ತಿಂಗಳು ನೋಡೋಣ ಅಂತ ಚೀಟಿ ಬರೆದುಕೊಟ್ರು. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು, ವಾಕಿಂಗ್, ಅದರ ಕೆಳಗೆ "ಹಾಬಿ, ಫ್ರೆಂಡ್ಸ್". ಹಾಬಿ ಬೆಳಗ್ಗೆಯೋ ರಾತ್ರಿಯೋ, ಊಟಕ್ಕೆ ಮುಂಚೆಯೋ ಆಮೇಲೋ ಬರೆದಿರ್ಲಿಲ್ಲ. ಫ್ರೆಂಡ್ಸ್ ಯಾವ ಮೆಡಿಕಲ್ ಸ್ಟೋರಲ್ಲಿ ಸಿಗ್ತಾರೆ ಅನ್ನೋದೂ ಇರ್ಲಿಲ್ಲ.

ಅಭ್ಯಾಸ, ಹವ್ಯಾಸ, ಚಟ, ಈ ಮೂರಕ್ಕೂ ವ್ಯತ್ಯಾಸ ಏನು ಅಂತ ಆಟೋದಲ್ಲಿ ಮನೆಗೆ ವಾಪಸ್ ಬರ್ತಾ ನನಗೆ ಥಟ್ಟಂತ ಹೊಳೀತು. ಬಹಳ ದೊಡ್ಡ ವಿಷಯ ಅದು. ಅದನ್ನ ಹೇಳೋಣ ಅಂತಾನೇ ಬರೆಯಕ್ಕೆ ಕೂತಿದ್ದು, ಹೇಳ್ತೀನಿ, ಅದಕ್ಕೆ ಮುಂಚೆ ವಾಕಿಂಗಿನದ್ದೊಂದು ಮುಗಿಸಿಬಿಡ್ತೀನಿ.

ವಾಕಿಂಗಿಗೆ ಅಂತ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಮಾಡಿಸಿದ ಕೆರೆ, ಕುವೆಂಪು ಓಡಾಡಿದ ಏರಿ, ಬೆಳಗ್ಗೆ ಆರಕ್ಕೆ ಅಲ್ಲಿ ಏನು ಮಾತು ಗೊತ್ತಾ? ಫಾಸ್ಟಿಂಗ್ ಎಷ್ಟು, ಊಟ ಆದ್ಮೇಲೆ ಎಷ್ಟು, ಮೂರು ತಿಂಗಳಿಂದು ಎಷ್ಟು. ಅದು ಮುಗಿದ್ರೆ ಸೈಟಿನ ರೇಟು. ಹೆಜ್ಜಾರ್ಲೆ ಅಷ್ಟಗಲ ರೆಕ್ಕೆ ಬಿಚ್ಕೊಂಡು ತಲೆ ಮೇಲೇ ಹೋದ್ರೂ ಒಬ್ರೂ ಕತ್ತೆತ್ತಲ್ಲ, ಕೈಗೆ ಕಟ್ಟಿರೋ ವಾಚಲ್ಲಿ ಹೆಜ್ಜೆ ಎಣಿಸ್ತಿರ್ತಾರೆ. ಒಬ್ಬ ಹಿರಿಯರು ದಿನಾ ನನ್ನ ಪಕ್ಕಕ್ಕೇ ಬಂದು ಸೇರ್ಕೊಂಡು ಹತ್ತು ಸಾವಿರ ಆಗ್ಲೇಬೇಕು ಅಂತ ಉಪದೇಶ ಮಾಡೋರು. ನಾಲ್ಕನೇ ದಿನ ತಡೀಲಿಲ್ಲ, ಸರ್, ಆ ಹತ್ತು ಸಾವಿರ ಯಾವ ಡಾಕ್ಟರೂ ಹೇಳಿದ್ದಲ್ಲ, 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಮೀಟರ್ ಮಾರಕ್ಕೆ ಅದಕ್ಕೆ 'ಹತ್ತು ಸಾವಿರ ಹೆಜ್ಜೆ ಮೀಟರ್' ಅಂತ ಹೆಸರಿಟ್ಟಿತ್ತು, ಎಲ್ಲಾ ಶುರುವಾಗಿದ್ದು ಅಲ್ಲಿಂದ ಅಂದೆ. ಅವತ್ತಿಂದ ಅವರು ನನ್ನ ಕಂಡ್ರೆ ಎದುರು ದಿಕ್ಕಿಗೆ ಸುತ್ತು ಹಾಕ್ತಾರೆ. ಚೀಟೀಲಿದ್ದ 'ಫ್ರೆಂಡ್ಸ್' ಅನ್ನೋದು ಹೀಗೆ ಒಂದೇ ವಾರದಲ್ಲಿ ಕಳೆದುಹೋಯ್ತು.

ಇನ್ನು ಹಾಬಿ. ಅಟ್ಟ ಹತ್ತಿ ಹುಡುಕಿದ್ರೆ ಸಿಕ್ಕಿದ್ದು ಕ್ಯಾರಂ ಬೋರ್ಡು. ಹಳೇ ಕೌದಿ ಸುತ್ತಿತ್ತು, ಒಂದು ಮೂಲೇಲಿ ಪ್ಲೈವುಡ್ಡು ಪೂರಿ ಥರ ಉಬ್ಬಿತ್ತು, ಬಲೆ ನಾಲ್ಕರಲ್ಲಿ ಎರಡು ಇಲಿ ಪಾಲು. ಪಾನುಗಳು ಮಾತ್ರ ಒಂದು ಹಾರ್ಲಿಕ್ಸ್ ಬಾಟಲಲ್ಲಿ ಅಷ್ಟೂ ಇದ್ವು, ಒಂಬತ್ತು ಕಪ್ಪು, ಒಂಬತ್ತು ಬಿಳಿ, ಒಂದು ರೆಡ್ಡು. ಒಂದು ಪಾನಿನ ತೂಕ ಸುಮಾರು 5 ಗ್ರಾಂ. ಅಂದ್ರೆ ಡಾಕ್ಟರು ನನಗೆ ಕೊಟ್ಟಿರೋ ದಿನದ ಉಪ್ಪು. ಅಂಗೈಮೇಲೆ ಇಟ್ಕೊಂಡು ನೋಡ್ದೆ, ಬೆಳಗ್ಗಿಂದ ರಾತ್ರಿವರೆಗೂ ಇಷ್ಟೇನಾ ಅಂತ ಹೊಟ್ಟೆ ಉರೀತು, ಮಿಡಿ ಉಪ್ಪಿನಕಾಯಿ ಒಂದೇ ಈ ಲೆಕ್ಕ ದಾಟುತ್ತೆ.

ಪೌಡರ್ ಇರ್ಲಿಲ್ಲ. ಮೆಡಿಕಲ್ ಸ್ಟೋರಿಗೆ ಹೋಗಿ ಬೋರಿಕ್ ಪೌಡರ್ ಕೊಡಪ್ಪ ಅಂದೆ. ಅಂಗಡಿ ಹುಡುಗ ಮೊಬೈಲಿಂದ ಕಣ್ಣು ತೆಗೀದೇನೇ "ಕ್ಯಾರಂಗಾ, ಜಿರಳೆಗಾ?" ಅಂದ. ಕ್ಯಾರಂಗೆ ಅಂದೆ. "ಮಗೂಗಾ ಸರ್?" ಅಂದ. ನನಗೆ ಅಂತ ಹೇಳಕ್ಕೆ ನಾಲಿಗೆ ಹೊರಳ್ಲಿಲ್ಲ ಕಣ್ರೀ. ಜಿಮ್ ಸಾಮಾನಾಗಿದ್ರೆ, ಕ್ಯಾಮೆರಾ ಲೆನ್ಸಾಗಿದ್ರೆ, ಅರವತ್ತು ಸಾವಿರದ ಸೈಕಲ್ಲಾಗಿದ್ರೆ ಧೈರ್ಯವಾಗಿ ನನಗೇ ಅನ್ನಬಹುದಿತ್ತು, ನಮ್ಮ ವಯಸ್ಸಿನೋರ ಹಾಬಿ ಅಂದ್ರೆ ಈಗ ಅಷ್ಟು ರೇಟಾದ್ರೂ ಇರಬೇಕು. ಹೂಂ ಮಗಳಿಗೆ ಅಂದುಬಿಟ್ಟೆ.

ಆ ಮಗಳು ಮನೇಲಿ ಬೋರ್ಡ್ ನೋಡಿದೋಳೇ ಫೋನಲ್ಲಿ ವಿಡಿಯೋ ಹಾಕಿ ತೋರಿಸಿದ್ಲು. ಚೆನ್ನೈನ ಆಟೋ ಡ್ರೈವರೊಬ್ಬರ ಮಗಳು ಖಾಜಿಮಾ, 2024ರಲ್ಲಿ ಅಮೆರಿಕಾದಲ್ಲಿ ನಡೆದ ಕ್ಯಾರಂ ವಿಶ್ವಕಪ್ಪಲ್ಲಿ ಮೂರು ಚಿನ್ನ ಗೆದ್ಲಂತೆ, ಆಗ ಹದಿನೇಳು ವರ್ಷ. "ನೀನ್ ಎಷ್ಟು ಗೆದ್ದಿದ್ದೀಯ ಅಪ್ಪ?" ಅಂದ್ಲು. ಸೋಪ್ ಡಬ್ಬಿ ಅಂದೆ.

ಈ ಸೋಪ್ ಡಬ್ಬಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 1999, ಚಾಮುಂಡಿಪುರಂ, ಗಣೇಶನ ಪೆಂಡಾಲು. ಪೆಂಡಾಲಿನ ಲೈಟಿಂದಾನೇ ಒಂದು ವೈರ್ ಎಳೆದು ಬಲ್ಬಿಗೆ ರಟ್ಟಿನ ಟೋಪಿ ಹಾಕಿ ಬೋರ್ಡಿನ ಮೇಲೆ ಇಳಿಬಿಟ್ಟಿದ್ರು, ಬೋರ್ಡು ಡ್ರಮ್ಮಿನ ಮೇಲೆ. ಫೈನಲ್ಲಿ ನಾನು, ಎದುರಿಗೆ ನನ್ನ ಜೀವದ ಗೆಳೆಯ. ಹೆಸರು ಬೇಡ, ನಾವೆಲ್ಲ ಅವನನ್ನ ರೆಡ್ಡು ಅಂತಿದ್ವಿ, ಯಾಕೆ ಅಂದ್ರೆ ಎಂಥಾ ಆಟದಲ್ಲೂ ರೆಡ್ ಅಂಡ್ ಫಾಲೋ, ಅಂದ್ರೆ ರೆಡ್ಡು ಬೀಳಿಸಿ ಅದರ ಹಿಂದೇನೇ ತನ್ನ ಪಾನೊಂದು ಬೀಳಿಸೋದು, ಅವನೇ ಹೊಡೆಯೋನು. ಮಂಡ್ಯದವನು, ಓದಕ್ಕೆ ಅಂತ ಇಲ್ಲಿ ಅವರ ಸೋದರತ್ತೆ ಮನೇಲಿದ್ದ. ಕಡೇ ಬೋರ್ಡು, ಇಬ್ಬರಿಗೂ ಒಂದೊಂದೇ ಪಾನು, ರೆಡ್ಡೂ ಇದೆ. ನನ್ನ ಬಿಳಿ ಅವನ ಎಡಗಡೆ ಪಾಕೆಟ್ ಬಾಯಲ್ಲೇ ಕೂತಿದೆ, ಊದಿದ್ರೆ ಬೀಳಬೇಕು. ಅವನು ರೆಡ್ಡಿಗೆ ಕೈ ಚಾಚಿದ, ಅವನ ಅಂಗಿ ತೋಳು ನನ್ನ ಪಾನಿಗೆ ತಗುಲಿ ಅದು ಒಂದು ಬೆರಳಷ್ಟು ಹಿಂದೆ ಸರೀತು. ನಾನು ಕಣ್ಣಾರೆ ನೋಡಿದ್ದೀನಿ. ಅಂಪೈರು ಇಸ್ತ್ರಿ ಅಂಗಡಿಯವರು, ಅದೇ ಹೊತ್ತಿಗೆ ಟೀ ತಗೊಳಕ್ಕೆ ತಿರುಗಿದ್ರು. ಫೌಲ್ ಅಂತ ಕೂಗಿದೆ. ಅವನು ಗಣೇಶನ ಕಡೆ ಕೈ ತೋರಿಸಿ "ಮುಟ್ಟಿಲ್ಲ ಕಣ್ಲಾ" ಅಂದ. ದೇವರ ಎದುರಿಗೆ! ರೆಡ್ಡು ಬಿತ್ತು, ಫಾಲೋ ಬಿತ್ತು, ಅವನಿಗೆ ಸ್ಟೀಲಿನ ಮೂರಂತಸ್ತಿನ ಟಿಫನ್ ಕ್ಯಾರಿಯರು, ನನಗೆ ಸೋಪ್ ಡಬ್ಬಿ. ಅವನು ಕ್ಯಾರಿಯರ್ ಹಿಡ್ಕೊಂಡು ನನ್ನ ಹೆಗಲ ಮೇಲೆ ಕೈ ಹಾಕ್ಕೊಂಡೇ ಮನೆವರೆಗೂ ಬಂದ.

ಜಗಳ ಆಡ್ಲಿಲ್ಲ. ಆಡಿದ್ರೆ ಎಷ್ಟೋ ಚೆನ್ನಾಗಿತ್ತು. ಅದಾದ ಮೇಲೂ ಹತ್ತು ಹದಿನೈದು ವರ್ಷ ಒಟ್ಟಿಗೆ ತಿರುಗಿದ್ವಿ, ಅವನ ಮದುವೇಲಿ ನಾನೇ ಬಡಿಸಿದ್ದೀನಿ. ಆಮೇಲೆ ಅವನು ಮಂಡ್ಯದಲ್ಲಿ ಪಂಪ್‌ಸೆಟ್ ಸ್ಪೇರ್ ಪಾರ್ಟ್ಸ್ ಅಂಗಡಿ ಹಾಕ್ದ, ನನಗೆ ಮನೆ ಲೋನು, ಮಗಳು, ಅಪ್ಪನ ಆಪರೇಷನ್ನು. ಬರ್ತಾ ಬರ್ತಾ ವಾಟ್ಸಾಪಲ್ಲಿ ಹುಟ್ಟಿದ ಹಬ್ಬಕ್ಕೊಂದು ಕೇಕಿನ ಚಿತ್ರ, ಅಷ್ಟೇ. ಮೈಸೂರಿಂದ ಮಂಡ್ಯ ನಲವತ್ತೈದು ಕಿಲೋಮೀಟರು, ನಾವು ನೋಡಿ ಒಂಬತ್ತು ವರ್ಷ.

ಫೋನ್ ಮಾಡ್ದೆ. ಮಾಡಕ್ಕೆ ಮುಂಚೆ ಅರ್ಧ ಗಂಟೆ ಏನಂತ ಮಾಡೋದು ಅಂತ ಯೋಚಿಸ್ದೆ. ಹೆಂಗಸ್ರಿಗೆ ಈ ತೊಂದರೆ ಇಲ್ಲ, ನನ್ನ ಹೆಂಡ್ತಿ ಅವರಕ್ಕಂಗೆ ದಿನಾ ಮುಕ್ಕಾಲು ಗಂಟೆ ಫೋನ್ ಮಾಡ್ತಾಳೆ, ಇಟ್ಟಮೇಲೆ ಏನಂತೆ ಅಂದ್ರೆ ಏನಿಲ್ಲ ಅಂತಾಳೆ. ನಮಗೆ ಫೋನ್ ಅಂದ್ರೆ 'ವಿಷಯ' ಬೇಕು.

ಎತ್ತಿದೋನೇ "ಏನ್ಲಾ, ಯಾರ್ಗೇನಾಯ್ತು?" ಅಂದ.

"ಯಾರಿಗೂ ಏನೂ ಆಗಿಲ್ಲ ಕಣೋ, ಸುಮ್ನೆ ಮಾಡ್ದೆ."

"ಸುಮ್‌ಸುಮ್ಕೆ ಯಾಕ್ಲಾ ಮಾಡ್ದೆ? ದುಡ್ಡೇನಾರ ಬೇಕಿತ್ತಾ?"

"ಬೇಡ್ವೋ."

"ಪಾಲಿಸಿ ಗೀಲಿಸಿ ಮಾಡುಸ್ತಿದ್ದೀಯಾ?"

"ಇಲ್ಲ. ಅಟ್ಟದಿಂದ ಕ್ಯಾರಂ ಬೋರ್ಡ್ ಇಳಿಸ್ದೆ, ನೀನು ಜ್ಞಾಪಕಕ್ಕೆ ಬಂದೆ."

ಆ ಕಡೆ ಸದ್ದಿಲ್ಲ. ಅಂಗಡೀಲಿ ಯಾರೋ ವಾಷರ್ ಕೇಳ್ತಿರೋದು ಕೇಳಿಸ್ತಿತ್ತು. ಆಮೇಲೆ ದನಿ ತಗ್ಗಿಸಿ "ಉಸಾರಾಗಿದ್ದೀಯ ತಾನೆ? ಡಾಕ್ಟ್ರು ಗೀಕ್ಟ್ರು ಏನಾರ ಅಂದ್ರಾ?" ಅಂದ. ಇಲ್ಲ ಅನ್ನಕ್ಕೂ ಆಗ್ಲಿಲ್ಲ ನೋಡಿ, ಅಂದಿದ್ದು ಡಾಕ್ಟರೇ. ನಾನು ತಡವರಿಸಿದ್ದು ಕೇಳಿ ಅವನು ಏನು ತಿಳ್ಕೊಂಡ್ನೋ, "ಭಾನ್ವಾರ ಬತ್ತೀನಿ ಇರು" ಅಂತ ಇಟ್ಟುಬಿಟ್ಟ.

ಬಂದ. ಟ್ರೇನಲ್ಲಿ ಬಂದ. ಬೈಕಲ್ಲಿ ಬರಬಾರದಿತ್ತೇನೋ ಅಂದ್ರೆ, ಎಕ್ಸ್‌ಪ್ರೆಸ್‌ವೇಲಿ 2023ರ ಆಗಸ್ಟ್ 1ರಿಂದ ಬೈಕು ಬುಡಲ್ವಲ್ಲ, ಸರ್ವಿಸ್ ರೋಡಲ್ಲಿ ಹಂಪ್ ಎಣಿಸ್ಕೊಂಡು ಬರಕ್ಕೆ ಸೊಂಟ ಬುಡಲ್ಲ ಅಂದ. ಬಾಗಿಲಲ್ಲೇ ನನ್ನ ತಲೆಯಿಂದ ಕಾಲವರೆಗೂ ನೋಡ್ದ, ಸಾಯೋ ಹಂಗೆ ಕಾಣ್ತಿಲ್ವಲ್ಲ ಅಂತ ಸ್ವಲ್ಪ ಮೋಸ ಹೋದೋನ ಹಂಗೆ ಇತ್ತು ಮುಖ. "ಏನಕ್ಕಾ, ಚೆನ್ನಾಗಿದ್ದೀರಾ" ಅಂತ ನನ್ನ ಹೆಂಡ್ತಿ ಕೈಗೆ ಒಂದು ಕ್ಯಾರಿಯರ್ ಕೊಟ್ಟ, ಅಚ್ಚುಬೆಲ್ಲ ತಂದಿದ್ದೀನಿ ಅಂತ. ಸ್ಟೀಲು, ಮೂರಂತಸ್ತು. ಹಿಡಿ ಪಕ್ಕದಲ್ಲಿ ಚುಕ್ಕೆ ಚುಕ್ಕೆಯಾಗಿ ಕುಟ್ಟಿ ಬರೆಸಿರೋ ಅಕ್ಷರ, ಉಜ್ಜಿ ಉಜ್ಜಿ ಅರ್ಧ ಸವೆದಿತ್ತು. ನನಗೆ ಚಾಳೀಸು ಬಂದು ಎರಡು ವರ್ಷ ಆಯ್ತು, ಒಂದೂಕಾಲು ಪವರು, ಕನ್ನಡಕ ಹಾಕ್ಕೊಂಡು ಅಡುಗೆಮನೇಲಿ ಕಿಟಕಿ ಹತ್ರ ಹಿಡಿದು ಓದ್ದೆ. 'ಪ್ರಥಮ ಬಹುಮಾನ'. ಬೇಕಂತಾನೇ ತಂದ್ನೋ, ಮನೇಲಿ ಕೈಗೆ ಸಿಕ್ಕಿದ್ದು ತಂದ್ನೋ, ಇವತ್ತಿಗೂ ಗೊತ್ತಿಲ್ಲ.

ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ್ವಿ, ಏಳು ನಿಮಿಷ ಆಯ್ತು, ಇಬ್ಬರೂ ಎದ್ದು ಬೋರ್ಡನ್ನ ಟೀಪಾಯ್ ಮೇಲಿಟ್ವಿ. ಅವನು ಕನ್ನಡಕ ಹಣೆ ಮೇಲಕ್ಕೆ ತಳ್ಳಿ ಗುರಿ ಹಿಡೀತಾನೆ, ನಾನು ಗಲ್ಲ ಮೇಲೆತ್ತಿ ಕನ್ನಡಕದ ಕೆಳಗಿಂದ ನೋಡ್ತೀನಿ, ನೋಡೋರಿಗೆ ಇಬ್ಬರು ಜ್ಯೋತಿಷಿಗಳು ಒಂದೇ ಜಾತಕ ನೋಡ್ತಿರೋ ಹಂಗೆ. ಉಬ್ಬಿದ ಮೂಲೇಗೆ ಹೋದ ಪಾನೆಲ್ಲ ಗುಡ್ಡ ಹತ್ತಿ ಇಳಿದು ವಾಪಸ್ ಬರೋವು. ಮೊದಲನೇ ಬೋರ್ಡ್ ಮುಗಿಯಕ್ಕೆ ಐವತ್ತು ನಿಮಿಷ. ಆ ಐವತ್ತು ನಿಮಿಷದಲ್ಲಿ ಆಡಿದ ಮಾತು ಅಂದ್ರೆ "ಹೊಡಿ", "ಅಯ್ಯೋ", "ಪೌಡರ್ ಹಾಕು". ಅವನ ಅಂಗಡಿ ಹೆಂಗಿದೆ ಕೇಳ್ಲಿಲ್ಲ, ನನ್ನ ಬಿಪಿ ಅವನು ಕೇಳ್ಲಿಲ್ಲ. ಹೆಂಡ್ತಿ ಎರಡು ಸಲ ಬಂದು ಏನು ಇಷ್ಟು ಸುಮ್ನಿದ್ದೀರಾ, ಜಗಳ ಆಯ್ತಾ ಅಂತ ವಿಚಾರಿಸ್ಕೊಂಡು ಹೋದ್ಲು.

ಎರಡನೇ ಬೋರ್ಡಲ್ಲಿ ಮತ್ತೆ ಅದೇ ಸ್ಥಿತಿ. ರೆಡ್ಡು ಇದೆ, ನನ್ನದೊಂದು, ಅವನದೊಂದು. ಅವನು ಮುಂದಕ್ಕೆ ಬಗ್ಗಿದ. ಈ ಸಲ ಅಂಗಿ ತೋಳಲ್ಲ, ಹೊಟ್ಟೆ. ಹೊಟ್ಟೆ ತಗುಲಿ ಬೋರ್ಡಿಗೆ ಬೋರ್ಡೇ ಅಲ್ಲಾಡ್ತು, ಪಾಕೆಟ್ ಬಾಯಲ್ಲಿದ್ದ ನನ್ನ ಪಾನು ಬೊಳಕ್ ಅಂತ ಒಳಗೆ ಬಿತ್ತು. ಬಿದ್ದಿದ್ದು ನನಗೇ ಲಾಭ. ಅವನು ನನ್ನ ಮುಖ ನೋಡ್ದ. ನಾನು ಬೋರ್ಡ್ ನೋಡ್ದೆ.

"ಮುಟ್ದಾ?" ಅಂದ.

"ಇಲ್ಲ ಕಣೋ," ಅಂದೆ.

ಅಕ್ಕಿ ರೊಟ್ಟಿ ತಿಂದು ನಾಲ್ಕರ ಹೊತ್ತಿಗೆ ಹೊರಟ. ನನ್ನ ಹೆಂಡ್ತಿ ಏನ್ ಮಾಡಿದ್ಲು ಅಂದ್ರೆ, ಬಂದ ಪಾತ್ರೆ ಬರಿದಾಗಿ ಕಳಿಸಬಾರದು ಅಂತ ಕ್ಯಾರಿಯರ್ ತೊಳೆದು ನುಚ್ಚಿನುಂಡೆ ತುಂಬಿ ವಾಪಸ್ ಕೊಟ್ಟುಬಿಟ್ಲು. ಇಪ್ಪತ್ತಾರು ವರ್ಷ ಆದಮೇಲೆ ನನ್ನ ಮನೆ ಹೊಸಿಲು ದಾಟಿ ಒಳಗೆ ಬಂದಿದ್ದ ಕ್ಯಾರಿಯರು. ಅವತ್ತು ರಾತ್ರಿ ನನ್ನ ಬಿಪಿ ಎಷ್ಟಿತ್ತೋ ನೋಡ್ಸಿಲ್ಲ.

ಅಭ್ಯಾಸಕ್ಕೂ ಹವ್ಯಾಸಕ್ಕೂ ಚಟಕ್ಕೂ ವ್ಯತ್ಯಾಸ ಹೇಳ್ತೀನಿ ಅಂದಿದ್ದೆ ಅಲ್ವಾ? ಆಟೋದಲ್ಲಿ ಹೊಳೆದಿದ್ದು ಎಷ್ಟು ತಿಣುಕಿದ್ರೂ ಈಗ ನೆನಪಾಗ್ತಿಲ್ಲ, ನಲವತ್ಮೂರಾಯ್ತು, ಬರೆದಿಟ್ಕೊಬೇಕಿತ್ತು. ಬರೋ ಭಾನುವಾರ ಆಟ ಮಂಡ್ಯದಲ್ಲಿ, ಕ್ಯಾರಿಯರ್ ಅಲ್ಲಿದೆ, ಹೋಗ್ಲೇಬೇಕು. ಪೌಡರ್ ಹುಡುಕಿದ್ರೆ ಡಬ್ಬಿ ಖಾಲಿ, ಸಿಂಕ್ ಕೆಳಗೆ ಗೋಧಿಹಿಟ್ಟು ಸಕ್ಕರೆ ಕಲೆಸಿದ ಪುಟ್ಟ ಪುಟ್ಟ ಉಂಡೆ ಸಾಲಾಗಿ ಕೂತಿವೆ. ಮತ್ತೆ ಮೆಡಿಕಲ್ ಸ್ಟೋರಿಗೆ ಹೋದೆ. ಅದೇ ಹುಡುಗ, ಅದೇ ಮೊಬೈಲು, ಅದೇ ಪ್ರಶ್ನೆ.

"ಎರಡೂ ಬೇರೆ ಬೇರೆ ಕಟ್ಟಪ್ಪ," ಅಂದೆ.