ಹಳಿಯಿಲ್ಲದ ಊರಿನ ರೈಲು ಫೋಟೋ

ಕೊಡಗಿನಲ್ಲಿ ರೈಲಿಲ್ಲ. ಮೈಸೂರಿನಿಂದ ಕುಶಾಲನಗರದವರೆಗೆ ಹಳಿ ಹಾಕುವ ಮಾತು ಆಗಾಗ ಏಳುತ್ತದೆ, ಆಗಾಗ ಮಲಗುತ್ತದೆ. ಬೇಕೆನ್ನುವವರಿದ್ದಾರೆ, ಕಾಡಿಗೆ ಕುತ್ತು, ಬೇಡವೇ ಬೇಡ ಎನ್ನುವವರೂ ಇದ್ದಾರೆ. ಅದು ಹಾಗಿರಲಿ. ಇಲ್ಲಿನ ಯಾವುದಾದರೂ ಹಳೆಯ ಮನೆಯ ಅಲ್ಮೇರಾದಿಂದ ಆಲ್ಬಮ್ ಇಳಿಸಿ ನೋಡಿ: ಮದುವೆ, ಹಾಕಿ ಟೀಮು, ಜಗಲಿಯಲ್ಲಿ ಮಲಗಿದ ನಾಯಿ, ಇವುಗಳ ನಡುವೆ ಒಂದು ರೈಲು ನಿಲ್ದಾಣ ಸಿಕ್ಕಿದರೆ ಆಶ್ಚರ್ಯವಿಲ್ಲ. ಹಳಿಯ ಪಕ್ಕದಲ್ಲೇ ಬೆಳೆದವರ ಮನೆಗಳಲ್ಲಿ ಇಂಥ ಫೋಟೋ ಹುಡುಕಿದರೂ ಸಿಗುವುದು ಕಷ್ಟ. ದಿನಾ ಕಣ್ಣೆದುರು ಓಡುವ ರೈಲಿಗೆ ಫಿಲ್ಮು ಖರ್ಚು ಮಾಡುವವರು ಯಾರು?

ಯಾವ ನಿಲ್ದಾಣ ಎಂಬುದು ಮನೆ ಯಾವ ದಿಕ್ಕಿಗೆ ವಾಲಿದೆ ಎಂಬುದರ ಮೇಲೆ. ಪೊನ್ನಂಪೇಟೆ, ಗೋಣಿಕೊಪ್ಪದವರಿಗೆ ಹುಣಸೂರು ದಾಟಿದರೆ ಮೈಸೂರು. ವಿರಾಜಪೇಟೆಯವರಿಗೆ ಪೆರುಂಬಾಡಿ, ಮಾಕುಟ್ಟ ಇಳಿದು ಇರಿಟ್ಟಿ ಮೇಲೆ ಹೋದರೆ ಕಣ್ಣೂರು, ಇಲ್ಲವೇ ತಲಶ್ಶೇರಿ. ಮಡಿಕೇರಿಯವರಿಗೆ ಎರಡು ಮನಸ್ಸು: ಮೈಸೂರು ಸುಮಾರು 120 ಕಿ.ಮೀ., ಸಂಪಾಜೆ ಘಾಟಿ ಇಳಿದರೆ ಮಂಗಳೂರು ಸುಮಾರು 140. ಮೈಸೂರಿಗೆ ಬೆಂಗಳೂರಿನಿಂದ ಹಳಿ ಬಂದದ್ದು 1880ರ ದಶಕದಲ್ಲಿ, ಮಂಗಳೂರಿಗೆ 1907ರಲ್ಲಿ. ಸುತ್ತಲೂ ರೈಲು ಬಂದು ನಿಂತಿತು, ನಡುವಿನ ಬೆಟ್ಟ ಮಾತ್ರ ಬಸ್ಸಿಗೇ ಉಳಿಯಿತು.

ಫೋಟೋಗಳಿಗೆ ಕಾರಣವೂ ಆ ಬಸ್ಸೇ. ಘಾಟಿ ರಸ್ತೆಯಲ್ಲಿ ಸಮಯಕ್ಕೆ ಭರವಸೆ ಕೊಡುವವರಿಲ್ಲ. ಮಳೆಗಾಲದಲ್ಲಿ ಮರ ಬೀಳುತ್ತದೆ, ಬರೆ ಕುಸಿಯುತ್ತದೆ, ಎದುರಿಗೆ ಮರದ ಲಾರಿ ಕೆಟ್ಟು ನಿಲ್ಲುತ್ತದೆ. ಹೀಗಾಗಿ ರಾತ್ರಿಯ ರೈಲಿಗೆ ಬೆಳಗಿನ ಬಸ್ಸು ಹತ್ತುವುದು ವಾಡಿಕೆ. ಏನೂ ಅಡ್ಡಿಯಾಗದಿದ್ದರೆ ಮಧ್ಯಾಹ್ನಕ್ಕೇ ನಿಲ್ದಾಣ ತಲುಪಿ, ಐದಾರು ಗಂಟೆ ಮಾಡಲು ಕೆಲಸವಿಲ್ಲದೆ ಕೂರಬೇಕು. ರೈಲಿನ ಊರಿನವರು ಹತ್ತು ನಿಮಿಷ ಮೊದಲು ಬಂದು ಹತ್ತಿ ಹೋದರು, ಅವರ ಫೋಟೋ ಯಾರೂ ತೆಗೆಯಲಿಲ್ಲ. ಕೊಡಗಿನವರು ಕೂತೇ ಇದ್ದರು, ಕ್ಯಾಮೆರಾ ಹೊರಗೆ ಬಂತು.

ಕೂತದ್ದು ಎಲ್ಲಿ ಎಂಬುದನ್ನೂ ಗಮನಿಸಬೇಕು. ವೇಟಿಂಗ್ ರೂಮಿನ ಬೆತ್ತದ ಆರಾಮಕುರ್ಚಿ ಖಾಲಿಯಿದ್ದರೂ ಫೋಟೋದಲ್ಲಿ ಒಬ್ಬರು ಪ್ಲಾಟ್‌ಫಾರ್ಮಿನಲ್ಲಿ ಗೋಣಿಚೀಲದ ಮೇಲೇ ಕೂತಿರುತ್ತಾರೆ. ಕ್ಲೋಕ್‌ರೂಮಿನಲ್ಲಿ ಬೀಗ ಹಾಕಿದ ಸಾಮಾನನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಟ್ರಂಕಿಗೆ ಬೀಗವಿದೆ, ಒಳಗೆ ಹೋಯಿತು. ಕಿತ್ತಳೆ ತುಂಬಿದ ಚೀಲಕ್ಕೆ ಬೀಗ ಹಾಕುವುದು ಹೇಗೆ? ದೂರದ ಊರಿನ ನೆಂಟರಿಗೋ ಮೇಲಧಿಕಾರಿಗೋ ಹೊರಟ ಕಿತ್ತಳೆ, ಕಾಳುಮೆಣಸು, ಬಾಟಲಿಯಲ್ಲಿ ಅಡುಗೆಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿ, ಇವನ್ನೆಲ್ಲ ಕಾಯಲು ಒಂದಾಳು ಬೇಕು. ಆ ಆಳು ಸಾಮಾನ್ಯವಾಗಿ ಮನೆಯ ಕಿರಿಯ. ಮುಖದಲ್ಲಿ ಸಿಟ್ಟು ಕಂಡರೆ ಅದು ಅಗಲಿಕೆಯ ದುಃಖವೇ ಆಗಿರಬೇಕೆಂದಿಲ್ಲ.

ರಜೆ ಮುಗಿಸಿ ಹೊರಟ ಸೈನಿಕನ ಫೋಟೋದಲ್ಲಿ ಕಪ್ಪು ಬಣ್ಣ ಬಳಿದ ತಗಡಿನ ಟ್ರಂಕು ಇರಲೇಬೇಕು. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಸೈನ್ಯದ ನಂಬರು, ಹೆಸರು, ಕೆಳಗೆ ಪಲ್ಟನ್ನು ಅಥವಾ ಇಳಿಯುವ ಸ್ಟೇಷನ್ನು. ಪಕ್ಕದಲ್ಲಿ ಹಾಸಿಗೆ ಸುತ್ತಿ ಪಟ್ಟಿ ಬಿಗಿದ ಹೋಲ್ಡಾಲ್. ಮುಖ ಗುರುತು ಸಿಗದ ಫೋಟೋದಲ್ಲಿ ಮೊದಲು ಓದಬೇಕಾದದ್ದು ಈ ಮುಚ್ಚಳವನ್ನು. ಪೇಂಟು ಕೈಬರಹ, ಅಕ್ಷರ ಓರೆಕೋರೆ, ಆದರೂ ನಂಬರು ಸುಳ್ಳು ಹೇಳುವುದಿಲ್ಲ. ಒಂದು ಎಚ್ಚರಿಕೆ: ಅಣ್ಣನ ಟ್ರಂಕನ್ನು ತಮ್ಮ ಒಯ್ದದ್ದೂ ಉಂಟು. ಹಳೆಯ ಹೆಸರಿನ ಮೇಲೆ ಕಪ್ಪು ಬಳಿದು ಹೊಸದು ಬರೆದಿದ್ದರೆ ಆ ಚೌಕ ಉಳಿದ ಮೈಗಿಂತ ಹೆಚ್ಚು ಮಿರುಗುತ್ತದೆ.

ರೈಲು ನಿಲ್ದಾಣದ ಫೋಟೋ ಎನ್ನುತ್ತೇವೆ, ಅದರಲ್ಲಿ ಓಡುವ ರೈಲು ಇರುವುದೇ ಅಪರೂಪ. ಅದಕ್ಕೆ ಲೆಕ್ಕವಿದೆ. ಎಷ್ಟೋ ಮನೆಗಳಲ್ಲಿದ್ದದ್ದು ಆಗ್ಫಾ ಕ್ಲಿಕ್-3ರಂಥ ಸಾದಾ ಕ್ಯಾಮೆರಾ. 120 ಫಿಲ್ಮಿನಲ್ಲಿ ಆರು ಸೆಂಟಿಮೀಟರು ಚೌಕದ ಹನ್ನೆರಡೇ ಫೋಟೋ. ಇಂಥ ಕ್ಯಾಮೆರಾದ ಶಟರು ಸೆಕೆಂಡಿನ ಮೂವತ್ತನೇ ಒಂದು ಭಾಗದ ಆಸುಪಾಸು ತೆರೆದಿರುತ್ತದೆ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಬರುವ ಗಾಡಿ ಸೆಕೆಂಡಿಗೆ ಹತ್ತು ಮೀಟರು ಸಾಗುತ್ತದೆ. ಶಟರು ಮುಚ್ಚುವಷ್ಟರಲ್ಲಿ 33 ಸೆಂಟಿಮೀಟರು, ಅಂದರೆ ಒಂದಡಿಗಿಂತ ಹೆಚ್ಚು. ಎಂಜಿನ್ನು ಬೂದಿ ಬಣ್ಣದ ಮಸಿಯಾಗಿ ಹೋಗುತ್ತದೆ. ಪ್ಲಾಟ್‌ಫಾರ್ಮಿನ ಮಾಡಿನ ಕೆಳಗಂತೂ ಬೆಳಕೇ ಸಾಲದು. ಬಲ್ಲವರು ಜನರನ್ನು ಮಾಡಿನಾಚೆ, ಬಿಸಿಲು ಬೀಳುವ ಪ್ಲಾಟ್‌ಫಾರ್ಮಿನ ತುದಿಗೆ ಕರೆದೊಯ್ದು ನಿಲ್ಲಿಸುತ್ತಿದ್ದರು. ಊರ ಹೆಸರಿನ ಹಳದಿ ಫಲಕ ನಿಂತಿರುವುದೂ ತುದಿಯಲ್ಲೇ. ಎಲ್ಲರ ಹಿಂದೆಯೂ ಆ ಫಲಕ ಬಂದದ್ದು ಯಾರ ಕಲಾದೃಷ್ಟಿಯಿಂದಲೂ ಅಲ್ಲ, ಬಿಸಿಲು ಅಲ್ಲಿತ್ತು, ಅಷ್ಟೆ. ಇನ್ನು ರೈಲ್ವೆಯಲ್ಲಿ ಫೋಟೋ ತೆಗೆಯಲು ಅನುಮತಿ ಬೇಕೆಂಬ ಅಂಜಿಕೆ ಬೇರೆ. ತುದಿಯಲ್ಲಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಫಲಕದಲ್ಲಿ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದೆ. ಹೆಸರು ಯಾರದೋ ತಲೆಯ ಹಿಂದೆ ಮರೆಯಾಗಿ ಸಂಖ್ಯೆಯಷ್ಟೇ ಕಂಡರೂ ಸಾಕು. ಮೀಟರಿನಲ್ಲಿ ಮೂರಂಕಿ, ಏಳುನೂರರ ಮೇಲಿದ್ದರೆ ಮೈಸೂರು ಸೀಮೆ. ಒಂದೋ ಎರಡೋ ಅಂಕಿ ಇದ್ದರೆ ಕಡಲ ಕಡೆ, ಕಣ್ಣೂರೋ ತಲಶ್ಶೇರಿಯೋ ಮಂಗಳೂರೋ. ಹೆಸರು ಕಂಡರೆ ಕಾಲವೂ ಸಿಗುತ್ತದೆ. ಮೈಸೂರು, ಬೆಂಗಳೂರು, ಮಂಗಳೂರುಗಳ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರ್ 1ರಂದು. ಹೊಸ ಕಾಗುಣಿತದ ಫಲಕ ಅದಕ್ಕಿಂತ ಹಿಂದಿನದಲ್ಲ. ಟಿಕೆಟ್ಟಿನ ಸಂಕೇತಾಕ್ಷರ ನೋಡಿ ಮೋಸಹೋಗಬಾರದು. ಕಣ್ಣೂರಿಗೆ ಇಂದಿಗೂ ಕೆನನೂರಿನ ಕಾಲದ ಸಿಎಎನ್, ತಲಶ್ಶೇರಿಗೆ ಟೆಲಿಚೆರಿಯ ಟಿಎಲ್‌ವೈ.

ಫಲಕವೇ ಇಲ್ಲದಿದ್ದರೆ ಹಳಿ ನೋಡಬೇಕು. ಕಡಲ ಬದಿಯ ಹಳಿ ಮೊದಲಿನಿಂದಲೂ ಬ್ರಾಡ್‌ಗೇಜ್, 1676 ಮಿಲಿಮೀಟರು ಅಗಲ. ಮೈಸೂರಿನದು 1990ರ ದಶಕದ ಆರಂಭದವರೆಗೂ ಮೀಟರ್‌ಗೇಜ್, ಸರಿಯಾಗಿ ಒಂದು ಮೀಟರು. ಫೋಟೋದಲ್ಲಿ ಅಗಲ ಅಳೆಯಲಾಗದು, ಓರೆಯಾಗಿ ಕಾಣುವ ಹಳಿ ಕಣ್ಣಿಗೆ ಸುಳ್ಳು ಹೇಳುತ್ತದೆ. ಅಳೆಯಬೇಕಾದದ್ದು ಅಡಿಯಲ್ಲಿ ಅಡ್ಡ ಹಾಸಿದ ಮರದ ಸ್ಲೀಪರನ್ನು. ಮೀಟರ್‌ಗೇಜಿನದು ಸುಮಾರು 1.83 ಮೀಟರು, ಎತ್ತರದ ಆಳೊಬ್ಬನನ್ನು ಮಲಗಿಸಿದಷ್ಟು. ಬ್ರಾಡ್‌ಗೇಜಿನದು 2.75 ಮೀಟರು, ಅಂದರೆ ಒಂದೂವರೆ ಆಳು. ಅದೇ ದೂರದಲ್ಲಿ ಹಳಿ ದಾಟುತ್ತಿರುವ ಕೂಲಿಯೊಬ್ಬ ಸಿಕ್ಕರೆ ಅವನ ಎತ್ತರವೇ ಅಳತೆಗೋಲು. ಹತ್ತಿರ ನಿಂತ ನೆಂಟರನ್ನು ದೂರದ ಸ್ಲೀಪರಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಬೆಂಗಳೂರು ಸಿಟಿ ನಿಲ್ದಾಣದಲ್ಲಿ ಎರಡೂ ಅಗಲದ ಹಳಿಗಳಿದ್ದವು. ಮೈಸೂರಿನಿಂದ ಮೀಟರ್‌ಗೇಜಿನಲ್ಲಿ ಬಂದವರು ಮದರಾಸಿನ ಕಡೆಗೆ ಹೋಗಬೇಕಾದರೆ ಇಳಿದು, ಟ್ರಂಕು, ಹೋಲ್ಡಾಲು, ಕಿತ್ತಳೆ ಚೀಲ ಸಮೇತ ಬ್ರಾಡ್‌ಗೇಜಿನ ಪ್ಲಾಟ್‌ಫಾರ್ಮಿಗೆ ನಡೆಯಬೇಕಿತ್ತು. ಬೆಂಗಳೂರಿನ ಫೋಟೋಗಳಲ್ಲಿ ಕೆಂಪು ಅಂಗಿಯ ಹಿತ್ತಾಳೆ ಬಿಲ್ಲೆಯ ಕೂಲಿ ಕಾಣುವುದು ಹೆಚ್ಚು, ಮೈಸೂರಿನವುಗಳಲ್ಲಿ ಕಡಿಮೆ ಎನಿಸಿದರೆ ಕಾರಣ ಇದೇ ಇರಬೇಕು. ಮೈಸೂರಿನಲ್ಲಿ ಬಸ್ಸಿಳಿದು ಜಟಕಾದಲ್ಲಿ ಬಂದರೆ ಸಾಮಾನು ಹೊರಲು ಮನೆಯವರೇ ಸಾಕು.

ಉಳಿದ ಗುರುತುಗಳು ಚಿಲ್ಲರೆಯವು, ಆದರೆ ಚಿಲ್ಲರೆ ಸೇರಿಯೇ ರೂಪಾಯಿ. ಬೋಗಿಯ ಮೈಮೇಲೆ ಮೂರು ನೇರ ಗೆರೆ ಎಳೆದು ಥರ್ಡ್ ಕ್ಲಾಸ್ ಎಂದು ಸೂಚಿಸಿದ್ದರೆ ಫೋಟೋ ಬಹುಮಟ್ಟಿಗೆ 1974ಕ್ಕೆ ಮೊದಲಿನದು. ಆ ವರ್ಷ ಮೂರನೇ ದರ್ಜೆ ರದ್ದಾಯಿತು. ಪುಸ್ತಕದಂಗಡಿಯ ಹಗ್ಗದಲ್ಲಿ ನೇತುಬಿದ್ದ ವಾರಪತ್ರಿಕೆ ‘ಸುಧಾ’ ಆದರೆ 1965ರ ನಂತರ, ‘ತರಂಗ’ ಆದರೆ 1983ರ ನಂತರ. ಪೋರ್ಟಿಕೋದಲ್ಲಿ ನಿಂತ ಜೀಪಿನ ನಂಬರು ಕೊಡಗಿನ ಕೆಎ 12 ಎಂದಿದ್ದರೆ 1989ಕ್ಕಿಂತ ಹಿಂದಿನದಲ್ಲ. ಮಾಡಿಗೆ ಆಧಾರವಾದ ಕಂಬವನ್ನು ಮಾತ್ರ ನಂಬಬೇಡಿ. ಸವೆದ ಹಳಿಗಳನ್ನೇ ಕಂಬವಾಗಿ ನೆಡುವುದು ರೈಲ್ವೆಯ ಹಳೆಯ ಜಿಪುಣತನ. ಹಳಿಯ ಮೈಯಲ್ಲಿ ತಯಾರಕರ ಹೆಸರು, ಇಸವಿ ಉಬ್ಬಕ್ಷರದಲ್ಲಿರುತ್ತವೆ. ಅದು ಹಳಿ ತಯಾರಾದ ಇಸವಿ, ಫೋಟೋದ್ದಲ್ಲ. ಅದನ್ನು ನಂಬಿದರೆ ಅಜ್ಜನ ಫೋಟೋ ಅವರು ಹುಟ್ಟುವ ಮೊದಲೇ ತೆಗೆದದ್ದಾಗುತ್ತದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಫೋಟೋದ ಹಿಂದೆ ಸಿಕ್ಕಿಸಿಟ್ಟ ಪ್ಲಾಟ್‌ಫಾರ್ಮ್ ಟಿಕೆಟ್ಟು. ಸುಮಾರು 57 ಮಿಲಿಮೀಟರು ಉದ್ದ, 30 ಅಗಲದ ದಪ್ಪ ರಟ್ಟು. ಪ್ರಯಾಣದ ಟಿಕೆಟ್ಟನ್ನು ಇಳಿದ ಊರಿನ ಗೇಟಿನಲ್ಲಿ ಕಿತ್ತುಕೊಳ್ಳುತ್ತಿದ್ದರು, ಅದು ಆಲ್ಬಮ್ಮಿಗೆ ಬರುವುದು ವಿರಳ. ಪ್ಲಾಟ್‌ಫಾರ್ಮ್ ಟಿಕೆಟ್ಟನ್ನೂ ಕೊಟ್ಟೇ ಹೊರಗೆ ಬರಬೇಕಿತ್ತು, ಆದರೆ ಕಳಿಸಲು ಬಂದವರು ಗುಂಪಿನಲ್ಲಿ ಹೊರಬೀಳುವಾಗ ಒಂದೆರಡು ಜೇಬಿನಲ್ಲೇ ಉಳಿಯುತ್ತಿದ್ದವು. ಕೌಂಟರಿನ ಕಬ್ಬಿಣದ ಯಂತ್ರಕ್ಕೆ ತೂರಿಸಿ ‘ಟಕ್’ ಅನ್ನಿಸಿದಾಗ ಅಂಚಿನಲ್ಲಿ ತಾರೀಖು ಒತ್ತುತ್ತಿತ್ತು. ಮಸಿ ಮಾಸಿದ್ದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ರಟ್ಟಿಗೆ ತಾಗುವಷ್ಟು ಮಲಗಿಸಿ ಬದಿಯಿಂದ ಬೆಳಕು ಬಿಡಿ. ಒತ್ತಿದ ತಗ್ಗು ನೆರಳಾಗಿ ಎದ್ದು, ಅಂಕಿ ಓದಲು ಬರುತ್ತದೆ.

ಇನ್ನು ಕೊಡಗಿನ ಮಳೆ. ಫೋಟೋದ ಮೇಲ್ಪದರ ಜೆಲಟಿನ್, ಪ್ರಾಣಿಜನ್ಯ ಅಂಟು. ಬೂಷ್ಟಿಗೆ ಅದು ಹಬ್ಬದೂಟ. ಗಾಳಿಯ ತೇವ ನೂರಕ್ಕೆ ಅರುವತ್ತೈದು ದಾಟಿತೆಂದರೆ ಬೂಷ್ಟು ಕೂರುತ್ತದೆ, ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಅದು ದಾಟದ ದಿನವೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುವುದು ಎಲ್ಲರೂ ಮಾಡುವ ತಪ್ಪು. ಬೂಷ್ಟು ತಿಂದ ಜಾಗದ ಜೆಲಟಿನ್ ನೀರು ತಾಗಿದೊಡನೆ ಕರಗಿ, ಮುಖವೇ ಬಟ್ಟೆಗೆ ಬರುತ್ತದೆ. ಮಳೆ ನಿಂತು ಸುಗ್ಗಿಹಬ್ಬ ಪುತ್ತರಿಯ ಹೊತ್ತಿಗೆ ಬರುವ ಒಣ ಹವೆಗೆ ಕಾಯಿರಿ, ನೆರಳಿನಲ್ಲಿ ಒಣಗಿಸಿ, ಮೆತ್ತನೆಯ ಬ್ರಷ್ಷಿನಿಂದ ಹೊರಮುಖವಾಗಿ ಗುಡಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಆಲ್ಬಮ್ ಅಲ್ಲಿಡುವುದೂ ಬೇಡ. ಹಂದಿ ಮಾಂಸ ಒಣಗಲು ಅದು ಒಳ್ಳೆಯ ಜಾಗ, ಫೋಟೋಗೆ ಹೊಗೆ ಆಗದು. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಟ್ಟರೆ ಸಾಕು. ಹರಳು ಬಣ್ಣ ಬದಲಿಸಿದಾಗ ಓವನ್ನಿನಲ್ಲಿ ಸುಮಾರು 110 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಪ್ಲಾಸ್ಟಿಕ್ ಹಾಳೆಯಡಿ ಅಂಟಿನ ಗೆರೆಗಳಿದ್ದ ಆಲ್ಬಮ್‌ಗಳು ಒಂದು ಕಾಲಕ್ಕೆ ದೊಡ್ಡ ಫ್ಯಾಶನ್ನು, ಈಗ ದೊಡ್ಡ ತಲೆನೋವು. ಅಂಟು ಹಳದಿಯಾಗಿ ಬಿಗಿದಿರುತ್ತದೆ. ಮೂಲೆ ಹಿಡಿದು ಎಳೆದರೆ ಫೋಟೋ ಮಡಿಚಿ ಬಿರುಕು ಬಿಡುತ್ತದೆ. ಹಲ್ಲಿನ ಸಂದಿ ತೆಗೆಯುವ ನೂಲನ್ನು ಫೋಟೋದ ಅಡಿಗೆ ತೂರಿಸಿ, ಎರಡೂ ಕೈಯಲ್ಲಿ ಹಿಡಿದು ಗರಗಸದಂತೆ ಆಡಿಸುತ್ತ ನಿಧಾನ ಬಿಡಿಸಬೇಕು. ಫ್ರೇಮಿನ ಗಾಜಿಗೇ ಅಂಟಿ ಕೂತದ್ದನ್ನು ಬಿಡಿಸಲು ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡುವುದೇ ಜಾಣತನ.

ಸ್ಕ್ಯಾನನ್ನು ಇಂಚಿಗೆ 300 ಚುಕ್ಕಿಗೆ ಇಟ್ಟರೆ ಮುಖ ಬರುತ್ತದೆ, ಟ್ರಂಕಿನ ನಂಬರು ಬರುವುದಿಲ್ಲ. ಆರು ಸೆಂಟಿಮೀಟರಿನ ಚೌಕವಾದರೆ ಇಂಚಿಗೆ 1200 ಚುಕ್ಕಿ ಇಡಿ, ನೆಗೆಟಿವ್ ಇದ್ದರೆ 2400. ಕಲರ್ ಫೋಟೋ ಕೆಂಪಗಾಗಿದ್ದರೆ ಬೋಗಿಯ ಬಣ್ಣ ನೋಡಿ ಕಾಲ ಹೇಳಬೇಡಿ. ಕತ್ತಲಲ್ಲಿಟ್ಟ ಹಳೆಯ ಪ್ರಿಂಟುಗಳಲ್ಲಿ ನೀಲಿ-ಹಸಿರಿನ ವರ್ಣ ಮೊದಲು ಮಾಸುವುದರಿಂದ ಎಲ್ಲ ಬೋಗಿಯೂ ಕಾವಿಯುಟ್ಟಂತೆ ಕಾಣುತ್ತದೆ.

ಹಿಂಬದಿಯಲ್ಲಿ ಹೆಸರು ಬರೆಯುವಾಗ ಬಾಲ್‌ಪೆನ್ನು ಬೇಡ, ಒತ್ತಿದ ಗೆರೆ ಮುಖದ ಮೇಲೇ ಮೂಡುತ್ತದೆ. ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿಗೆ: ನಿಲ್ದಾಣ, ಅಂದಾಜು ಇಸವಿ, ಎಡದಿಂದ ಬಲಕ್ಕೆ ಯಾರು ಯಾರು. ಬೆನ್ನು ಮಾಡಿ ನಿಂತವರೊಬ್ಬರು ಇದ್ದೇ ಇರುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಬೇಕು. ಕೊಡವ ರೀತಿಯಲ್ಲಿ ಸೀರೆಯ ನೆರಿಗೆ ಬೆನ್ನ ಕಡೆಗೆ ಬಿದ್ದು, ಸೆರಗು ಬಲಭುಜದ ಮೇಲೆ ಬಂದಿದ್ದರೆ ಮಾತ್ರ ಕಂಸದೊಳಗೆ ಎರಡು ಪದ ಸೇರಿಸಬಹುದು: ನಮ್ಮ ಕಡೆಯವರು.